ರೆಕ್ಸ್‌ಡೇಲಿನಲ್ಲಿ ಅಮೆರಿಕದ ಇತಿಹಾಸ ಕಲಿಸಿದ್ದು

ಮೆಡೋವೇಲಿನಲ್ಲಿರುವ ನನ್ನ ಅಣ್ಣನ ಮಗಳು ಟೀಚರ್ಸ್ ಕಾಲೇಜು ಮುಗಿಸಿ ಹೈಸ್ಕೂಲಿಗೆ ಸೇರುವ ತಯಾರಿಯಲ್ಲಿದ್ದಾಳೆ. ಮೊನ್ನೆ ಫೋನ್ ಮಾಡಿ, ಕ್ಲಾಸ್‌ರೂಮ್ ಮ್ಯಾನೇಜ್‌ಮೆಂಟಿಗೆ ಏನಾದರೂ ಟಿಪ್ಸ್ ಕೊಡಿ ಅತ್ತೆ ಎಂದು ಕೇಳಿದಳು. ನನ್ನ ಹತ್ತಿರ ಇರುವ ಟಿಪ್ಸು ಎರಡು. ಬಾತ್‌ರೂಮಿಗೆ ಹೋಗಬೇಕು ಅಂದ ಮಗುವನ್ನು ವಿಚಾರಣೆ ಮಾಡಬೇಡ. ಸ್ಟಾಫ್‌ರೂಮಿನ ಫ್ರಿಜ್‌ನಲ್ಲಿ ಮೀನಿಟ್ಟವರು ಯಾರೆಂದು ಕೇಳಬೇಡ. ಉಳಿದದ್ದು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯಲು ಕುಳಿತೆ. ಕನ್ನಡದಲ್ಲಿ ಬರೆದರೆ ಅವಳು ಓದುವುದಿಲ್ಲ ಎಂದು ಅಣ್ಣ ಎಚ್ಚರಿಸಿದ. ಅವನೇ ಓದಿ ಹೇಳಲಿ. ನಿವೃತ್ತ ಎಂಜಿನಿಯರಿಗೆ ಬೇರೆ ಕೆಲಸವೇನಿದೆ?

ನಾನು ಟೊರೊಂಟೊದ ವಾಯವ್ಯ ಮೂಲೆಯ ರೆಕ್ಸ್‌ಡೇಲಿನ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ 2019ರ ಜೂನಿನಲ್ಲಿ ನಿವೃತ್ತಳಾದೆ. ನಡುವೆ ಕೆಲವು ವರ್ಷ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಫೋಟೊಕಾಪಿ ಕಾಗದದ ಕಪಾಟಿನ ಕೀಲಿ ನನ್ನ ಬಳಿ ಇರುತ್ತಿತ್ತು ಎಂಬುದನ್ನು ಬಿಟ್ಟರೆ ಆ ಹುದ್ದೆಯ ಬಗ್ಗೆ ಹೇಳುವಂಥದ್ದಿಲ್ಲ. ನನ್ನ ಪಾಲಿಗೆ ಬಂದ ವಿಷಯ ಅಮೆರಿಕದ ಇತಿಹಾಸ. ಹನ್ನೊಂದನೇ ತರಗತಿಯ ಮಕ್ಕಳಿಗೆ ಅದು ಬೇಕಾದರೆ ತೆಗೆದುಕೊಳ್ಳುವ ವಿಷಯ. ಕೆನಡಾದ ಮೇಷ್ಟ್ರುಗಳಿಗೆ ಅದನ್ನು ಕಲಿಸುವ ಹುಮ್ಮಸ್ಸಿರಲಿಲ್ಲ. ಪಕ್ಕದ ಮನೆಯವರ ಸಂಸಾರ ಅವರಿಗೆ ಮೊದಲೇ ಸಾಕಾಗಿತ್ತು. ಹೀಗಾಗಿ ಧಾರವಾಡದಲ್ಲಿ ಚಾಲುಕ್ಯರನ್ನೂ ರಾಷ್ಟ್ರಕೂಟರನ್ನೂ ಓದಿ ಎಂ.ಎ. ಮಾಡಿದ ನಾನು ಪಂಜಾಬಿ, ಸೋಮಾಲಿ, ತಮಿಳು, ಗಯಾನಾದ ಮಕ್ಕಳಿಗೆ ಪೆನ್ಸಿಲ್ವೇನಿಯಾದ ಉಕ್ಕಿನ ಕಾರ್ಖಾನೆಗಳ ಪಾಠ ಹೇಳತೊಡಗಿದೆ. ಮಕ್ಕಳು ನನ್ನನ್ನು "ಮಿಸ್" ಅನ್ನುತ್ತಿದ್ದರು. ಅಲ್ಲಿ ಎಲ್ಲ ಟೀಚರಮ್ಮಂದಿರೂ ಮಿಸ್ಸೇ, ಮೊಮ್ಮಕ್ಕಳು ಹುಟ್ಟಿದ ಮೇಲೂ ಮಿಸ್ಸೇ.

ನನಗೆ ಇಷ್ಟದ ಭಾಗ ಹತ್ತೊಂಬತ್ತನೇ ಶತಮಾನದ ಕೊನೆಯದು. ರೈಲು, ಎಣ್ಣೆ, ಉಕ್ಕು ಎಲ್ಲವೂ ಕೆಲವೇ ಜನರ ಮುಷ್ಟಿಗೆ ಬಂದದ್ದು, ಮಕ್ಕಳು ಗಿರಣಿಗಳಲ್ಲಿ ದುಡಿದದ್ದು, ಕೊನೆಗೆ ಪತ್ರಕರ್ತರೂ ಕಾರ್ಮಿಕರೂ ಗಟ್ಟಿ ಹೆಂಗಸರೂ ಸೇರಿ ಸರಕಾರದ ಕಿವಿ ಹಿಂಡಿದ್ದು. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ಮಲಗುತ್ತಾರೆಂದು 2015ರ ಸುಮಾರಿಗೆ ಒಂದು ಆಟ ಹೂಡಿದೆ. ಬೆಂಚುಗಳ ನಡುವಿನ ದಾರಿಯೇ ರೈಲುಹಳಿ. ಅದರ ಮಾಲೀಕ ಅಬ್ದಿ ಎಂಬ ಹುಡುಗ. ಉಳಿದವರು ರೈತರು, ವ್ಯಾಪಾರಿಗಳು. ಹಳಿ ದಾಟಬೇಕಾದರೆ ಅಬ್ದಿಗೆ ರಾಜ್ಮಾ ಕಾಳು ಕೊಡಬೇಕು. ಅನ್ಯಾಯ ತಾಳಲಾರದೆ ಮಕ್ಕಳು ತಾವಾಗಿಯೇ ಒಗ್ಗಟ್ಟಾಗುತ್ತಾರೆ, ಕಾನೂನು ಬೇಕೆಂದು ಕೂಗುತ್ತಾರೆ, ಆಗ ನಾನು ಪಾಠ ಶುರು ಮಾಡುತ್ತೇನೆ ಎಂಬುದು ನನ್ನ ಲೆಕ್ಕಾಚಾರ.

ಯಾರೂ ಕೂಗಲಿಲ್ಲ. ಎರಡು ಪೀರಿಯಡ್ಡಿನೊಳಗೆ ಅಬ್ದಿ ಕಿಟಕಿಯ ಪಕ್ಕದ ಜಾಗಗಳನ್ನೆಲ್ಲ ಕೊಂಡುಕೊಂಡ. ಆಮೇಲೆ ನನ್ನ ಕುರ್ಚಿಯನ್ನೂ. ಮೂರನೇ ಪೀರಿಯಡ್ಡಿಗೆ ತನ್ನ ಹೆಸರು ಬರೆದ ಪೆನ್ಸಿಲ್ ಡಬ್ಬಿಯೊಂದನ್ನು ತರಗತಿಗೆ ದಾನ ಮಾಡಿದ, ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡ ಧಣಿಗಳು ದಾನಶೂರರಾದ ಅಧ್ಯಾಯವನ್ನು ನಾನಿನ್ನೂ ಶುರು ಮಾಡಿರಲಿಲ್ಲ. ಪರೀಕ್ಷೆಯಲ್ಲಿ, ಈ ಪರಿಸ್ಥಿತಿ ಸುಧಾರಿಸಲು ಏನು ಮಾಡಬೇಕು ಎಂದು ಕೇಳಿದ್ದಕ್ಕೆ ಅರ್ಧ ತರಗತಿ ಬರೆದ ಉತ್ತರ, ಅಬ್ದಿಯ ಗೆಳೆತನ ಮಾಡಬೇಕು. ನಾನು ಪೂರ್ತಿ ಅಂಕ ಕೊಟ್ಟೆ. ಮತ್ತೆ ಆ ಆಟ ಆಡಿಸಲಿಲ್ಲ.

ಮೇಲಧಿಕಾರಿಗಳ ಬಗ್ಗೆ ಒಂದು ಮಾತು. ನನ್ನ ಮೊದಲ ಪ್ರಿನ್ಸಿಪಾಲರು ತರಗತಿಗೆ ಬಂದವರೇ ಅಲ್ಲ. ಅವರಿಂದ ನನಗೆ ಯಾವ ತೊಂದರೆಯೂ ಆಗಲಿಲ್ಲ. ಕೊನೆಯವರು ಆರಡಿ ದಾಟಿದ ಮನುಷ್ಯ, ಮೊದಲು ಜಿಮ್ ಮೇಷ್ಟ್ರಾಗಿದ್ದವರು, ಕೆಟ್ಟವರಲ್ಲ. ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಶಬ್ದ ಪಾರ್ಟ್‌ನರ್‌ಶಿಪ್. ಶಾಲೆಯ ಚಾವಣಿ ಸೋರಿದರೂ ಅದಕ್ಕೊಬ್ಬ ಪಾರ್ಟ್‌ನರ್ ಹುಡುಕುತ್ತಿದ್ದರು. ಬೆಳಗಿನ ಹೊತ್ತು ಹಸಿದು ಬರುವ ಮಕ್ಕಳಿಗೆ ತಿಂಡಿ ಕೊಡುವ ಯೋಜನೆಗೆ ಅವರು ಹುಡುಕಿ ತಂದ ಪಾರ್ಟ್‌ನರ್, ಹತ್ತಿರದಲ್ಲೇ ಇದ್ದ ಫ್ರೋಜನ್ ಪರಾಠಾ ಕಂಪನಿ. ಪರಾಠಾ ಚೆನ್ನಾಗಿತ್ತು. ನಾನೂ ತಿಂದಿದ್ದೇನೆ.

ಆಟ ಕೈಕೊಟ್ಟ ಮೇಲೆ ನಾನು ಬೇರೆ ದಾರಿ ಹಿಡಿದೆ. ಆ ಕಾಲದ ಅಮೆರಿಕದ ಪತ್ರಕರ್ತರು ಮಾಂಸದ ಕಾರ್ಖಾನೆಗಳನ್ನು ಹೊಕ್ಕು, ಕಂಡದ್ದನ್ನು ಕಂಡಂತೆ ಬರೆದರು. ಅವರಿಗೆ ಬೇಕಾಗಿದ್ದದ್ದು ಕಾರ್ಮಿಕರ ಕೈಕಾಲುಗಳ ಬಗ್ಗೆ ಜನ ಮರುಗಲಿ ಎಂಬುದು. ಜನ ಓದಿ ಬೆಚ್ಚಿಬಿದ್ದರು, ತಮ್ಮ ತಟ್ಟೆಯಲ್ಲಿರುವ ಮಾಂಸದ ಬಗ್ಗೆ. ಕಾನೂನೂ ಬಂತು, ಮಾಂಸ ಶುದ್ಧವಾಗಿರಬೇಕೆಂದು. ಇದನ್ನು ಹೇಳಿ, ನೀವೂ ಅಂಥ ಪತ್ರಕರ್ತರಾಗಿ, ನಿಮಗೆ ಗೊತ್ತಿರುವ ಯಾರದಾದರೂ ಒಂದು ದಿನದ ಕೆಲಸವನ್ನು ಒಂದು ಹಾಳೆಯಲ್ಲಿ ಬರೆಯಿರಿ ಎಂದೆ. ನಿಯಮ ಕಟ್ಟುನಿಟ್ಟು. ಕಂಪನಿಯ ಹೆಸರು ಬೇಡ, ಕೆಲಸದವರ ಹೆಸರು ಬೇಡ, ಬರೆದವರು ಕಾವ್ಯನಾಮ ಹಾಕಬೇಕು, ಬೈಗುಳ ಬೇಡ, ಕಂಡದ್ದಷ್ಟೇ. ಬರೆದದ್ದೆಲ್ಲ ಹಜಾರದ ಗೋಡೆಯ ಮೇಲೆ. ಬಂದವರು ಓದುತ್ತ ನಡೆಯಬೇಕು. 2017ರ ಚಳಿಗಾಲ ಶುರುವಾಗುವ ಹೊತ್ತಿಗೆ ಗೋಡೆ ತುಂಬಿತು. ಟ್ಯಾಕ್ಸಿ, ವೇರ್‌ಹೌಸು, ವಿಮಾನ ನಿಲ್ದಾಣದ ಕಕ್ಕಸು, ಒಬ್ಬ ಅಜ್ಜಿಯ ಬೇಬಿಸಿಟ್ಟಿಂಗು.

ಹಳದಿ ಚಾರ್ಟಿಗೆ ಅಂಟಿಸಿದ ಹಾಳೆಯೊಂದಿತ್ತು. ಬರೆದವಳು ಅಶ್ವಿನಿ. ಆರು ವರ್ಷದವಳಿದ್ದಾಗ ಹುಬ್ಬಳ್ಳಿಯಿಂದ ಬಂದ ಹುಡುಗಿ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅವಳು ಬರೆದದ್ದು ಅದೇ ಪರಾಠಾ ಕಾರ್ಖಾನೆಯಲ್ಲಿ ಓಡುವ ಬೆಲ್ಟಿನ ಸಾಲಿಗೆ ನಿಂತು ಕೆಲಸ ಮಾಡುವ ಹೆಂಗಸಿನ ಬಗ್ಗೆ. ಆ ಹೆಂಗಸು ಅವಳ ತಾಯಿ ಎಂಬುದು ನನಗೆ ಗೊತ್ತಿತ್ತು. ತಾಯಿಯನ್ನು ಕೇಳಿಯೇ ಬರೆದಿದ್ದಾಳೆ ಅಂದುಕೊಂಡಿದ್ದೆ.

ಪೇರೆಂಟ್ಸ್ ನೈಟಿಗೆ ತಾಯಿ ಮಹಾದೇವಿ ಬಂದರು. ಅಶ್ವಿನಿ ಡೋನಟ್ ಅಂಗಡಿಯ ಶಿಫ್ಟಲ್ಲಿದ್ದಳು. ಸ್ವೆಟರಿನ ಮೇಲೆ ಇಳಕಲ್ ಸೀರೆಯ ಸೆರಗು ಹೊದ್ದು, ಅದರ ಮೇಲೆ ಚಳಿಯ ಕೋಟು ಹಾಕಿಕೊಂಡಿದ್ದರು. ನಾನು ಧಾರವಾಡದವಳೆಂದು ತಿಳಿದದ್ದೇ ತಡ ನನ್ನನ್ನು ಅಕ್ಕೋರು ಅನ್ನತೊಡಗಿದರು, ನಮ್ಮ ಕಡೆ ಶಾಲೆಯ ಟೀಚರಮ್ಮಂದಿರಿಗೆ ಹಾಗೇ ಅನ್ನುವುದು. ಗೋಡೆಯ ಮೇಲಿನ ಹಳದಿ ಚಾರ್ಟು ನೋಡಿ, ಅದು ತಾವೇ ಡಾಲರ್ ಅಂಗಡಿಯಿಂದ ತಂದದ್ದೆಂದು ಗುರುತು ಹಿಡಿದರು. ಮಗಳು ಬರೆದದ್ದನ್ನು ಶಾಲೆಯವರು ಗೋಡೆಗೆ ಹಚ್ಚಿದ್ದಾರೆಂದು ಹಿಗ್ಗಿಹೋದರು. ಪಕ್ಕದಲ್ಲಿ ನಿಂತು, ಸೆರಗು ಸರಿಮಾಡಿಕೊಂಡು, ಫೋಟೊ ತೆಗೆಯಿರಿ ಎಂದು ಫೋನು ನನ್ನ ಕೈಗೆ ಕೊಟ್ಟರು. ತೆಗೆದೆ. ಚೆನ್ನಾಗಿ ಬಂತು, ಹಾಳೆಯ ಅಕ್ಷರ ಕೂಡ ಒಂದೊಂದೂ ಸ್ಪಷ್ಟವಾಗಿ.

ಆ ಫೋಟೊ ಅಂದೇ ಹುಬ್ಬಳ್ಳಿ-ಧಾರವಾಡ ಕಡೆಯ ಹೆಂಗಸರ ವಾಟ್ಸಾಪ್ ಗುಂಪಿಗೆ ಹೋಯಿತು. ಮಹಾದೇವಿಗೆ ಇಂಗ್ಲಿಷ್ ಬಸ್ಸಿನ ಬೋರ್ಡು ಓದುವಷ್ಟು ಬರುತ್ತಿತ್ತು. ಹಾಳೆಯಲ್ಲಿ ಏನಿದೆಯೆಂದು ಅವರು ಓದಿರಲಿಲ್ಲ. ಹಿಸ್ಟರಿ ಪ್ರಾಜೆಕ್ಟು ಎಂದಷ್ಟೇ ಮಗಳು ಹೇಳಿದ್ದಳು. ಹಿಸ್ಟರಿ ಎಂದ ಮೇಲೆ ರಾಜರು ಇರುತ್ತಾರೆ ಎಂದು ಅವರು ಅಂದುಕೊಂಡಿದ್ದರು. ಗುಂಪಿನವರು ಹೂವು, ಕೈಮುಗಿದ ಚಿತ್ರ, ಅಭಿನಂದನೆ ಎಲ್ಲ ಕಳಿಸಿದರು. ಅವರಲ್ಲೊಬ್ಬಾಕೆಯ ಗಂಡ ಆ ಪರಾಠಾ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರು. ಹೆಂಡತಿ ಹೂವು ಕಳಿಸಿದ ಫೋಟೊವನ್ನು ಗಂಡ ದೊಡ್ಡದು ಮಾಡಿ ಓದಿದ.

ಮರುವಾರ ಕಂಪನಿಯವರು ಶಾಲೆಗೆ ಒಂದು ಫ್ರೀಜರ್ ಕಾಣಿಕೆ ಕೊಟ್ಟರು. ಉಕ್ಕಿನ ದೊರೆಗಳು ಊರೂರಿಗೆ ಗ್ರಂಥಾಲಯ ಕಟ್ಟಿಸಿಕೊಟ್ಟದ್ದನ್ನು ಅದೇ ತಿಂಗಳು ಪಾಠ ಮಾಡಿದ್ದೆ. ಫ್ರೀಜರಿಗೆ ರಿಬ್ಬನ್ ಕಟ್ಟಿದ್ದರು. ಕಂಪನಿಯ ಕಡೆಯಿಂದ ಬಂದಿದ್ದ ಅಧಿಕಾರಿಣಿ ನಗುನಗುತ್ತ ಹಜಾರದಲ್ಲಿ ಓದುತ್ತ ನಡೆದು, ಹಳದಿ ಚಾರ್ಟಿನ ಮುಂದೆ ನಿಂತರು. ಹಾಳೆಯಲ್ಲಿ ತಣ್ಣನೆಯ ಕೋಣೆ ಇತ್ತು, ಮರಗಟ್ಟುವ ಬೆರಳುಗಳಿದ್ದವು, ಕೂರಲು ಸ್ಟೂಲು ಇಲ್ಲವೆಂದಿತ್ತು. ಕೈಗವಸು ಹರಿದರೆ ಹೊಸದು ಕೇಳಲು ಸಾಲು ಬಿಟ್ಟು ಹೋಗುವಂತಿಲ್ಲ, ಹರಿದ ಚೂರು ಹಿಟ್ಟಿನಲ್ಲಿ ಬಿದ್ದರೂ ಸಾಲು ನಿಲ್ಲುವುದಿಲ್ಲ ಎಂದೂ ಒಂದು ವಾಕ್ಯವಿತ್ತು. ಆಕೆಗೆ ಆ ಒಂದು ವಾಕ್ಯ ಕಂಡಿತು. ರಿಬ್ಬನ್ ಕತ್ತರಿಸುವಾಗ ಮುಖದಲ್ಲಿ ನಗು ಇರಲಿಲ್ಲ.

ಆಮೇಲೆ ಎಲ್ಲವೂ ಚುರುಕಾಗಿ ನಡೆಯಿತು. ಆಹಾರದ ಶುಚಿತ್ವಕ್ಕೇ ತಮ್ಮ ಮೊದಲ ಆದ್ಯತೆ ಎಂದು ಕಂಪನಿ ಶಾಲೆಗೆ ಭರವಸೆ ಕೊಟ್ಟಿತು. ಕಾರ್ಖಾನೆಗೆ ಸುಲಭಕ್ಕೆ ಹರಿಯದ, ದಪ್ಪನೆಯ ನೀಲಿ ಕೈಗವಸು ಬಂದವು, ಹಿಟ್ಟಿನಲ್ಲಿ ಬಿದ್ದರೆ ಕಾಣಲಿ ಎಂದು. ಕೋಣೆ ಅಷ್ಟೇ ತಣ್ಣಗಿತ್ತು, ಸ್ಟೂಲು ಬರಲಿಲ್ಲ. ಶಾಲೆಯ ಮಕ್ಕಳಿಗೆ ಕೆಲವು ವಾರ ಪರಾಠಾ ಬದಲು ಬಾಳೆಹಣ್ಣು. ಹೊಸ ಫ್ರೀಜರಿನಲ್ಲಿ ಐಸು ಮಾತ್ರ ಇತ್ತು. ಪ್ರಿನ್ಸಿಪಾಲರು ನನ್ನನ್ನು ಕರೆದು, ಆ ಹಾಳೆಯನ್ನು ಜನ ಹೆಚ್ಚು ಓಡಾಡದ ಕಡೆ ಹಾಕಲು ಆಗುತ್ತದೆಯೇ ಎಂದು ಬಹಳ ಮೃದುವಾಗಿ ಕೇಳಿದರು. ಸ್ಟಾಫ್ ಬಾತ್‌ರೂಮಿನ ಬಾಗಿಲ ಪಕ್ಕ ಹಾಕಿದೆ. ಅದುವರೆಗೆ ಓದದಿದ್ದ ಮೇಷ್ಟ್ರುಗಳೆಲ್ಲ ಸರದಿ ಕಾಯುತ್ತ ಅದನ್ನು ಓದಿದರು.

ಇದೆಲ್ಲ ನನಗೆ ತಮಾಷೆಯಾಗಿಯೇ ಇತ್ತು, ಅಶ್ವಿನಿ ಬಂದು ಹೇಳುವವರೆಗೆ. ಅವಳ ತಾಯಿ ಕಂಪನಿಯ ನೌಕರರಲ್ಲ, ದಿನಗೂಲಿಗೆ ಜನ ಕಳಿಸುವ ಏಜೆನ್ಸಿಯ ಮೂಲಕ ಹೋಗುವವರು. ಏಜೆನ್ಸಿಯಿಂದ ಹಿಂದಿನ ದಿನ ಫೋನು ಬರಬೇಕು, ಬೆಳಿಗ್ಗೆ ಹತ್ತಿರದ ಅಂಗಡಿಗಳ ಪ್ಲಾಜಾದ ಪಾರ್ಕಿಂಗಿಗೆ ವ್ಯಾನು ಬರುತ್ತದೆ. ಅಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಫೋನು ಬರುವುದು ನಿಲ್ಲುತ್ತದೆ. ಮಹಾದೇವಿಯ ಫೋನು ನಿಂತಿತ್ತು. ಅವರ ಗಂಡ ಸೊಂಟದ ಆಪರೇಷನ್ ಆಗಿ ಬೇಸ್‌ಮೆಂಟಿನ ಮನೆಯಲ್ಲಿ ಮಲಗಿದ್ದರು. ಮನೆ ನಡೆಯುತ್ತಿದ್ದದ್ದು ಈಕೆಯ ಕೈಯಿಂದ.

"ಮಿಸ್, ಮಮ್ಮಿ ಅದನ್ನ ಓದೇ ಇಲ್ಲ. ಶೀ ವಾಸ್ ಜಸ್ಟ್ ಪ್ರೌಡ್," ಅಂದಳು ಅಶ್ವಿನಿ. ಹಾಳೆ ತೆಗೆದುಬಿಡಿ ಎಂದು ಕೇಳಿದಳು. ತಾನು ಸುಳ್ಳು ಬರೆದೆ ಎಂದು ಕಂಪನಿಗೆ ಹೇಳಿಬರಲೂ ತಯಾರಿದ್ದಳು. ಮೊದಲು ನಿಮ್ಮ ತಾಯಿಯನ್ನು ಕರೆದುಕೊಂಡು ಬಾ ಎಂದೆ.

ಮರುದಿನ ಊಟದ ಬಿಡುವಿನಲ್ಲಿ ಮಹಾದೇವಿ ಒಬ್ಬರೇ ಬಂದರು. ಎಲ್ಲರೂ ಅದನ್ನು ಓದಿದ್ದಾರೆ, ನಾನೊಬ್ಬಾಕೆ ಓದಿಲ್ಲ, ಕನ್ನಡದಲ್ಲಿ ಹೇಳಿ ಎಂದು ಕೂತರು. ಹಾಳೆ ತಂದು ಎದುರಿಗಿಟ್ಟುಕೊಂಡು ಒಂದೊಂದೇ ವಾಕ್ಯ ಕನ್ನಡ ಮಾಡಿ ಹೇಳಿದೆ. ತಣ್ಣನೆಯ ಕೋಣೆಗೆ ತಲೆದೂಗಿದರು, ಸ್ಟೂಲಿಗೆ ತಲೆದೂಗಿದರು. ಕೊನೆಯ ಸಾಲುಗಳು ಹೀಗಿದ್ದವು: ಆಕೆ ಮನೆಯಲ್ಲಿ ತನ್ನ ಕೆಲಸವನ್ನು ಪ್ಯಾಕಿಂಗ್ ಎಂದಷ್ಟೇ ಹೇಳುತ್ತಾಳೆ. ಮನೆಗೆ ಬಂದ ಮೇಲೆ ಮೊದಲು ಅನ್ನದ ಕುಕ್ಕರಿನ ಮೇಲೆ ಕೈಯಿಟ್ಟು ಕಾಯಿಸಿಕೊಳ್ಳುತ್ತಾಳೆ. ಆಮೇಲೆ ಮಕ್ಕಳ ತಲೆ ಮುಟ್ಟುತ್ತಾಳೆ.

ಮಹಾದೇವಿ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು.

"ಇದು ಅಕಿಗೆ ಹೆಂಗ ಗೊತ್ತಾತ್ರಿ ಅಕ್ಕೋರ? ನಾ ಒಂದಿನಾನೂ ಹೇಳಿಲ್ಲ."

ಗೆಳತಿಯರ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡಿರಬೇಕು, ನೋಡಿಯೂ ಇರಬೇಕು ಎಂದೆ. ಅಶ್ವಿನಿ ಹೇಳಿದಂತೆ ಇದನ್ನು ತೆಗೆದುಹಾಕಲೇ ಎಂದು ಕೇಳಿದೆ.

"ತಗೀಬ್ಯಾಡ್ರಿ. ಸುಳ್ಳ ಬರದಿದ್ರ ನಾನ ಹರಿದ ಒಗೀತಿದ್ದೆ. ಅಕಿ ಖರೇನ ಬರದಾಳ." ಸೆರಗಿನಿಂದ ಮೂಗು ಒರೆಸಿಕೊಂಡರು. "ಆದ್ರ ನನಗ ಕೆಲಸ ಬೇಕ್ರಿ."

ನಾನು ಸರಕಾರದ ಸಹಾಯವಾಣಿಗೆ ಫೋನ್ ಮಾಡಿದೆ. ದೂರು ಕೊಡಬಹುದು, ವಿಚಾರಣೆಗೆ ಸಮಯ ಹಿಡಿಯುತ್ತದೆ, ಹೆಸರು ಬೇಕಾಗುತ್ತದೆ ಅಂದರು. ಹೆಸರು ಎಂದ ಕೂಡಲೇ ಮಹಾದೇವಿ ತಲೆ ಅಲ್ಲಾಡಿಸಿದರು. ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ನಿಜವಾಗಿಯೂ ಮರುಗಿದರು, ಕಂಪನಿಗೂ ಫೋನ್ ಮಾಡಿದರು. ಆಕೆ ತಮ್ಮ ನೌಕರಳಲ್ಲ, ಏಜೆನ್ಸಿಯನ್ನು ಕೇಳಿ ಎಂದು ಕಂಪನಿ. ಅವರ ಮೇಲೆ ಯಾವ ದೂರೂ ಇಲ್ಲ, ಸದ್ಯಕ್ಕೆ ಶಿಫ್ಟ್ ಇಲ್ಲ ಎಂದು ಏಜೆನ್ಸಿ. ನೂರು ವರ್ಷದ ಸುಧಾರಣೆಗಳನ್ನು ತಾರೀಕು ಸಮೇತ ಬಾಯಿಪಾಠ ಮಾಡಿದ್ದವಳಿಗೆ ಒಬ್ಬ ಹೆಂಗಸನ್ನು ವ್ಯಾನು ಹತ್ತಿಸಲು ಆಗಲಿಲ್ಲ. ನಾರ್ತ್ ಯಾರ್ಕಿನ ನಮ್ಮ ಮನೆಗೆ ಹೋಗಿ ನನ್ನ ಗಂಡನ ಮೇಲೆ ಕೂಗಾಡಿದೆ. ಅವರು ಟೀ ಮಾಡಿಕೊಟ್ಟರು.

ಮಹಾದೇವಿ ಮಾತ್ರ ದಿನಾ ಬೆಳಿಗ್ಗೆ ಪ್ಲಾಜಾಕ್ಕೆ ಹೋಗಿ ನಿಲ್ಲುತ್ತಿದ್ದರು. ಬರಬೇಕಾದವರು ಯಾರಾದರೂ ಬಾರದಿದ್ದರೆ ಆ ಜಾಗ ಸಿಗಬಹುದೆಂಬ ಆಸೆ. ಜಾಗ ಖಾಲಿ ಇದ್ದಾಗಲೂ ಡ್ರೈವರ್ ಬೇಡ ಎಂದು ಕೈಯಾಡಿಸಿ ಬಾಗಿಲು ಎಳೆದುಕೊಂಡು ಹೋಗುತ್ತಿದ್ದ. ಅವನಿಗೂ ಮೇಲಿನಿಂದ ಹೇಳಿದ್ದರು.

ಕ್ರಿಸ್‌ಮಸ್ ರಜೆ ಮುಗಿದ ಮೇಲೆ ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಅವರು ಅಶ್ವಿನಿಯ ಜೊತೆ ನನ್ನ ಕೋಣೆಗೆ ಬಂದರು. ಬೂಟಿನ ಮೇಲೆ ರಸ್ತೆಯ ಉಪ್ಪು, ಬೆರಳು ಕೆಂಪಗೆ. ನೋಡಿದ ಕೂಡಲೇ ಕೆಲಸಕ್ಕೆ ಹೋಗಿಬಂದ ಕೈ ಅದು ಎಂದು ತಿಳಿಯಿತು. ಏನಾಯಿತೆಂದು ಕೇಳಿದೆ.

ವ್ಯಾನಿನಲ್ಲಿ ಹೋಗುವ ಹೆಂಗಸರಲ್ಲಿ ಪಂಜಾಬಿಗಳಿದ್ದರು, ತಮಿಳರಿದ್ದರು, ಗಯಾನಾದ ಒಬ್ಬ ಹಿರಿಯಾಕೆ ಇದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತು. ನೀಲಿ ಕೈಗವಸು ಯಾಕೆ ಬಂತು, ಯಾರ ಮಗಳು ಬರೆದದ್ದರಿಂದ ಬಂತು ಎಂಬುದು ಮಾತ್ರ ಅಷ್ಟರಲ್ಲಿ ಎಲ್ಲರಿಗೂ ಪೂರ್ತಿ ತಿಳಿದಿತ್ತು. ಆ ದಿನ ಒಬ್ಬಾಕೆ ಜ್ವರ ಬಂದು ಬಂದಿರಲಿಲ್ಲ. ಡ್ರೈವರ್ ಎಂದಿನಂತೆ ಮಹಾದೇವಿಗೆ ಕೈಯಾಡಿಸಿದ. ಬಾಗಿಲ ಪಕ್ಕ ಕೂತಿದ್ದ ಗಯಾನಾದ ಹಿರಿಯಾಕೆ, ಎಳೆದು ಮುಚ್ಚುವ ಆ ಬಾಗಿಲಿನ ಸಂದಿಗೆ ತಮ್ಮ ಬೂಟುಗಾಲು ಇಟ್ಟರು. ಬಾಗಿಲು ಹಾಕಿ ಎಂದು ಡ್ರೈವರ್ ಹಿಂದಿಯಲ್ಲಿ ಹೇಳಿದ, ಇಂಗ್ಲಿಷಿನಲ್ಲಿ ಹೇಳಿದ. ಹಿಂದಿನ ಸೀಟಿನವಳೂ ಕೈ ಚಾಚಿ ಬಾಗಿಲು ಹಿಡಿದುಕೊಂಡಳು. ಹಿಮದ ಗಾಳಿ ಒಳಗೆ ನುಗ್ಗಿ ಎಲ್ಲರೂ ನಡುಗುತ್ತ ಕೂತರು. ಚಳಿಯಲ್ಲಿ ನಿಂತು ಕೆಲಸ ಮಾಡುವುದು ಅವರಿಗೆ ಅಭ್ಯಾಸವಾಗಿತ್ತು, ಡ್ರೈವರಿಗೆ ಆಗಿರಲಿಲ್ಲ. ಅವನು ಏಜೆನ್ಸಿಗೆ ಫೋನ್ ಮಾಡಿದ, ಏಜೆನ್ಸಿಯವರು ಕಾರ್ಖಾನೆಗೆ ಮಾಡಿದರು. ಅಲ್ಲಿ ಹಿಟ್ಟು ಕಲಸಿಟ್ಟಾಗಿತ್ತು, ಸಾಲಿನಲ್ಲಿ ನಿಲ್ಲುವವರು ಒಬ್ಬರೂ ಇರಲಿಲ್ಲ. ಕೂರಿಸಿಕೊಂಡು ಬಾ ಎಂದು ಅಪ್ಪಣೆ ಬಂತು.

ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. "ಮಹಾದೇವಿಯವರೇ, ನೀವು ಮಾಡಿದ್ದು ಸ್ಟ್ರೈಕು," ಅಂದೆ.

ಅವರು ಗಾಬರಿಯಾದರು. "ಅಯ್ಯ, ಹಂಗ ಅನಬ್ಯಾಡ್ರಿ. ಸ್ಟ್ರೈಕ್ ಗೀಕ್ ಏನಿಲ್ಲ. ಬಾಗಲಾ ಹಾಕ್ಲಿಲ್ಲ, ಅಷ್ಟ."

ಇದನ್ನು ಬರೆದು ಹಳದಿ ಹಾಳೆಯ ಪಕ್ಕ ಹಾಕೋಣ ಎಂದು ನಾನು ಅಶ್ವಿನಿಯ ಕಡೆ ತಿರುಗಿದೆ. ಅವಳು ನನ್ನನ್ನು ನೋಡಲಿಲ್ಲ, ತಾಯಿಯನ್ನು ನೋಡಿದಳು.

"ಈ ಸಲ ಬ್ಯಾಡ್ರಿ ಅಕ್ಕೋರ," ಅಂದರು ಮಹಾದೇವಿ. "ಆವಾಗ ನಂದೊಂದ ಫೋನ್ ನಿಂತಿತ್ತು. ಇದು ಗೋಡಿಗೆ ಹತ್ತಿದ್ರ ಅವ್ರ ಎಲ್ಲಾರ ಫೋನೂ ನಿಲ್ತಾವ."

ನಾನು ಒಪ್ಪಿದೆ. ನನ್ನ ಗಂಡನಿಗೂ ಹೇಳಲಿಲ್ಲ. ಈಗ ಬರೆಯುತ್ತಿರುವುದು, ಆ ವ್ಯಾನಿನ ಹೆಂಗಸರೆಲ್ಲ ಬೇರೆ ಬೇರೆ ಕೆಲಸಗಳಿಗೆ ಚದುರಿಹೋದ ಮೇಲೆ, ಮಹಾದೇವಿಯನ್ನು ಕೇಳಿ, ಹೆಸರುಗಳನ್ನು ಬದಲಿಸಿ.

ಆ ವಾರದ ಪಾಠ ಮುಷ್ಕರಗಳದ್ದು. ಬೋರ್ಡಿನ ಮೇಲೆ ಉಕ್ಕಿನ ಕಾರ್ಖಾನೆಗಳು, ರೈಲ್ವೆ, ಹೊಲಿಗೆಯ ಹೆಣ್ಣುಮಕ್ಕಳು ಎಲ್ಲರನ್ನೂ ಬರೆದೆ. ಎಷ್ಟು ಕಡೆ ಕಾರ್ಮಿಕರು ಸೋತರು, ಗೆದ್ದ ಕಡೆ ಏನು ಸಿಕ್ಕಿತು ಎಂದು ಹೇಳಿದೆ. ಪ್ರತಿ ವರ್ಷದಂತೆ ಒಂದು ಪ್ರಶ್ನೆ ಕೇಳಿದೆ: ನಮ್ಮ ಕಾಲದಲ್ಲಿ, ನಮ್ಮ ಸುತ್ತಮುತ್ತ ಇಂಥದ್ದು ನಡೆದದ್ದನ್ನು ಬಲ್ಲವರು ಯಾರಾದರೂ ಇದ್ದೀರಾ? ಅಬ್ದಿಯ ತಮ್ಮ ಕೈಯೆತ್ತಿ, ಅದೆಲ್ಲ ಹಳೇ ಕಾಲದ್ದು ಮಿಸ್, ಈಗ ಯಾರೂ ಹಾಗೆ ಮಾಡುವುದಿಲ್ಲ ಅಂದ. ತರಗತಿ ಹೌದೆಂದು ತಲೆಯಾಡಿಸಿತು.

ಎರಡನೇ ಸಾಲಿನಲ್ಲಿ ಅಶ್ವಿನಿ ಪೆನ್ನಿನ ಮುಚ್ಚಳ ತಿರುವುತ್ತ ಕೂತಿದ್ದಳು. ಅವಳು ಕೈಯೆತ್ತಲಿಲ್ಲ. ನಾನು ಅವಳನ್ನು ಕೇಳದೆ ಮುಂದಿನ ಪುಟ ತೆರೆಯಿರಿ ಎಂದೆ.